ಮೀನಿನ ತೊಟ್ಟಿಗೆ ತಂಪು ನೀರು

ಕಲಬುರಗಿ ಸೀಮೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರಿಗೆ ಮೇ ತಿಂಗಳೆಂದರೆ ಪರೀಕ್ಷೆಯ ಕಾಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರನ್ನು ತೆಗೆದುಕೊಂಡರೂ ಹಗಲಿನ ಬಿಸಿಲು 42 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಲ್ಲಿ ಸುದ್ದಿಯೇ ಅಲ್ಲ. ಶಹಾಬಾದ್ ಪರಸಿ ಹಾಸಿದ ಮಾಳಿಗೆ ಸಂಜೆಯ ಹೊತ್ತಿಗೆ ರೊಟ್ಟಿಯ ಹಂಚಿನಂತೆ ಕಾದಿರುತ್ತದೆ. ಪಡಸಾಲೆಯ ತೊಟ್ಟಿಯಲ್ಲಿ ನೀರು ಮೆಲ್ಲನೆ 32, 33, 34 ಎಂದು ಏರುತ್ತದೆ. ಮೀನು ತಳ ಬಿಟ್ಟು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತದೆ. ಹಸಿವೆಂದು ತಿಳಿದು ಮನೆಯವರು ಇನ್ನಷ್ಟು ಕಾಳು ಹಾಕುತ್ತಾರೆ. ಮೀನಿಗೆ ಬೇಕಾದದ್ದು ಕಾಳಲ್ಲ, ಉಸಿರು. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬಂದರೆ ಅದು ಏಳೂವರೆಗೆ ಇಳಿಯುತ್ತದೆ, 35ಕ್ಕೆ ಏಳು ಮಾತ್ರ. ನೀರು ಬಿಸಿಯಾದಷ್ಟೂ ಮೀನಿನ ಮೈಯ ಕೆಲಸ ಚುರುಕಾಗಿ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ವರಮಾನ ಇಳಿಯುವ ತಿಂಗಳಲ್ಲೇ ಖರ್ಚು ಏರಿದ ಸಂಸಾರದಂತೆ.

ಇದೇ ಬಿಸಿಲು ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಮೇಲೂ ಬೀಳುತ್ತದೆ. 1973ರಲ್ಲಿ ಮುಗಿದ ಈ ಅಣೆಕಟ್ಟೆಯ ಸುತ್ತಲಿನ ಕಾಡು 2011ರಲ್ಲಿ ವನ್ಯಧಾಮವಾಯಿತು. ಅಲ್ಲಿನ ಮೀನಿಗೆ ಫ್ಯಾನಿಲ್ಲ, ಪಂಪಿಲ್ಲ. ಬಿಸಿಲೇರಿದಾಗ ಅದು ಕೆಳಗಿಳಿಯುತ್ತದೆ, ಅಷ್ಟೆ. ಕಾದ ನೀರು ಹಗುರ, ತಂಪು ನೀರು ಭಾರ. ಹಾಗಾಗಿ ಆಳವಾದ ಜಲಾಶಯದಲ್ಲಿ ಬಿಸಿಲಿನ ಕಾವೆಲ್ಲ ಮೇಲಿನ ಪದರದಲ್ಲೇ ಉಳಿದು, ಕೆಳಗೆ ತಂಪು ಹಾಗೇ ಕೂತಿರುತ್ತದೆ. ಗಾಜಿನ ತೊಟ್ಟಿಯ ಮೀನಿಗೆ ಇಳಿದು ಹೋಗಲು ಜಾಗವಿಲ್ಲ. ಒಂದೂವರೆ ಅಡಿ ನೀರಿನಲ್ಲಿ ಮೇಲೆಂದರೂ ಕೆಳಗೆಂದರೂ ಒಂದೇ.

ದೊಡ್ಡ ತೊಟ್ಟಿ ಇಟ್ಟವರು ಇದಕ್ಕೊಂದು ಏರ್ಪಾಟು ಮಾಡಿಕೊಂಡಿರುತ್ತಾರೆ. ತೊಟ್ಟಿಯ ನೀರು ಕೊಳವೆಯಲ್ಲಿಳಿದು ಕೆಳಗಿನ ಇನ್ನೊಂದು ತೊಟ್ಟಿಗೆ, ಅಂದರೆ ಸಂಪಿಗೆ ಬೀಳುತ್ತದೆ. ಅಲ್ಲಿ ಸೋಸಿದ ನೀರನ್ನು ಪಂಪು ಮತ್ತೆ ಮೇಲಕ್ಕೆ ಕಳಿಸುತ್ತದೆ. ಹೀಗೆ ಮರಳಿ ಕಳಿಸುವುದರಿಂದ ಅದಕ್ಕೆ ರಿಟರ್ನ್ ಪಂಪು ಎಂದು ಹೆಸರು. ನೀರು ಸುತ್ತುತ್ತಿದ್ದರೆ ಗಾಳಿ ಬೆರೆಯುತ್ತದೆ, ಮೀನಿಗೆ ಉಸಿರು ಸಿಗುತ್ತದೆ. ಆದರೆ ಅಂಗಡಿಯಲ್ಲಿ ಯಾರೂ ಹೇಳದ ಮಾತೊಂದುಂಟು. ಆ ಪಂಪು ಒಂದು ಹೀಟರು ಕೂಡ ಹೌದು. ನೀರಿನಲ್ಲಿ ಮುಳುಗಿ ಓಡುವ 100 ವ್ಯಾಟಿನ ಪಂಪು ಎಳೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಆ ನೀರನ್ನೇ ಸೇರುತ್ತದೆ. ಒಟ್ಟು 200 ಲೀಟರ್ ನೀರಿದ್ದು, ಶಾಖ ಹೊರಗೆ ಹೋಗಲು ದಾರಿಯೇ ಇಲ್ಲವೆಂದುಕೊಂಡರೆ, ಒಂದು ಹಗಲು ಒಂದು ರಾತ್ರಿಯಲ್ಲಿ ನೀರು 10 ಡಿಗ್ರಿ ಏರುವ ಲೆಕ್ಕ. ನಿಜದಲ್ಲಿ ಗಾಜಿನಿಂದ, ನೀರಿನ ಮೇಲ್ಮೈಯಿಂದ ಬಹುಪಾಲು ಹೊರಟುಹೋಗುತ್ತದೆ. ಚಳಿಗಾಲದಲ್ಲಿ ಅದು ಉಪಕಾರವೂ ಆಗಬಹುದು. ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ ಕಾದಿರುವಾಗ ಹೊರಡುವುದಾದರೂ ಎಲ್ಲಿಗೆ?

ನೀರನ್ನು ಕಲಕಿದರೆ ಅದು ಬಿಸಿಯಾಗುತ್ತದೆ ಎಂಬುದನ್ನು ಅಳೆದು ತೋರಿಸಿದವನು ಇಂಗ್ಲೆಂಡಿನ ಜೇಮ್ಸ್ ಜೂಲ್. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನಲ್ಲಿ ಬಿಯರ್ ತಯಾರಿಸುವ ಮನೆತನದವನು. ಬಿಯರ್ ಕೆಲಸದಲ್ಲಿ ಉಷ್ಣತೆಯ ಸಣ್ಣ ವ್ಯತ್ಯಾಸಕ್ಕೂ ಬೆಲೆಯುಂಟು. 1845ರಲ್ಲಿ ಅವನು ಇಳಿಯುವ ತೂಕಗಳಿಂದ ನೀರಿನೊಳಗಿನ ಹುಟ್ಟುಚಕ್ರವನ್ನು ತಿರುಗಿಸಿ ನೀರು ಎಷ್ಟು ಕಾಯುತ್ತದೆಂದು ನೋಡಿದ. ಅವನ ಲೆಕ್ಕವನ್ನು ಇಂದಿನ ಅಳತೆಗೆ ತಂದರೆ, 427 ಮೀಟರ್ ಎತ್ತರದಿಂದ ಬಿದ್ದ ನೀರು ಒಂದು ಡಿಗ್ರಿ ಬಿಸಿಯಾಗಬೇಕು. ನಯಾಗರ ಜಲಪಾತದ ಬುಡದ ನೀರು ತಲೆಯ ನೀರಿಗಿಂತ ತುಸು ಬೆಚ್ಚಗಿರಬೇಕೆಂದು ಅವನು ಆಗಲೇ ಬರೆದಿದ್ದ. ನಮ್ಮ ಜೋಗದ 253 ಮೀಟರಿಗೆ ಅದು ಸುಮಾರು 0.6 ಡಿಗ್ರಿ. ಬೀಳುವಾಗ ನೀರು ತುಂತುರಾಗಿ ಆರಿ ತಂಪಾಗುವುದರಿಂದ ಈ ಬಿಸಿ ಕೈಗೆ ಗೊತ್ತಾಗುವುದಿಲ್ಲ.

ಚಂದ್ರಂಪಳ್ಳಿಯ ಆಸುಪಾಸಿನಲ್ಲೇ ಎತ್ತಿಪೋತ ಎಂಬ ಜಲಪಾತವಿದೆ. ಗಡಿಯ ಸೀಮೆಯಾದ್ದರಿಂದ ಹೆಸರು ತೆಲುಗಿನದು. ಎತ್ತಿ ಸುರಿಯುವುದು ಎಂದು ಅದರ ಅರ್ಥ. ನದಿಯಿಂದ ನೀರೆತ್ತಿ ಹೊಲಕ್ಕೆ ಹಾಯಿಸುವ ಏತ ನೀರಾವರಿಗೂ ತೆಲುಗಿನಲ್ಲಿ ಇದೇ ಮಾತು. ಮೀನಿನ ತೊಟ್ಟಿಯ ಪಂಪು ಮಾಡುವ ಕೆಲಸವನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಕಷ್ಟ. ಗಂಟೆಗೆ 1000 ಲೀಟರ್ ನೀರನ್ನು ಒಂದೂವರೆ ಮೀಟರ್ ಎತ್ತಲು ಬೇಕಾದ ಶಕ್ತಿ ಕೇವಲ 4 ವ್ಯಾಟ್. ಸಾಮಾನ್ಯ ಪಂಪು ಅದಕ್ಕಾಗಿ 20-30 ವ್ಯಾಟ್ ಎಳೆಯುತ್ತದೆ. ಮಿಕ್ಕದ್ದು ನೇರವಾಗಿ ಶಾಖ. ಎತ್ತಿದ ನೀರು ಮತ್ತೆ ಸಂಪಿಗೆ ಬಿದ್ದಾಗ ಆ ನಾಲ್ಕು ವ್ಯಾಟೂ ಶಾಖವೇ.

ಜೂಲನ ಕಾಲದಲ್ಲೇ ಇಂಗ್ಲೆಂಡಿನಲ್ಲಿ ಅಕ್ವೇರಿಯಂ ಹುಚ್ಚು ಹತ್ತಿತ್ತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯವನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಆ ಹುಚ್ಚನ್ನು ಮನೆಮನೆಗೆ ಮುಟ್ಟಿಸಿತು. ಗಿಡವೂ ಮೀನೂ ಒಂದಕ್ಕೊಂದು ಉಸಿರು ಕೊಟ್ಟುಕೊಂಡು ಬದುಕುತ್ತವೆ, ನೀರು ಬದಲಿಸುವುದೇ ಬೇಡ ಎಂಬುದು ಆಗಿನ ನಂಬಿಕೆ. ಗಿಡಕ್ಕೆ ಬೆಳಕು ಬೇಕೆಂದು ತೊಟ್ಟಿಗಳನ್ನು ಕಿಟಕಿಯ ಪಕ್ಕ ಇಟ್ಟರು. ಬೇಸಿಗೆಯಲ್ಲಿ ನೀರು ಕಾದು ಕೊಳೆತು ಜೀವಗಳು ಸತ್ತವು. ಲಂಡನ್ನಿನಂಥ ತಂಪು ಊರಿನ ಕತೆ ಇದು!

ಈ ಗಂಟನ್ನು ಬಿಚ್ಚಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಪ್ಯಾರಿಸ್, 1864ರಲ್ಲಿ ಹ್ಯಾಂಬರ್ಗ್, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಹೀಗೆ ಒಂದಾದ ಮೇಲೊಂದು ಮತ್ಸ್ಯಾಲಯಗಳಿಗೆ ಕೈಹಾಕಿದವನು. ಅವನ ಸೂತ್ರ ಸರಳವಾಗಿತ್ತು. ಜನ ನೋಡುವ ತೊಟ್ಟಿಗಳಲ್ಲಿರುವ ನೀರಿಗಿಂತ ಹಲವು ಪಟ್ಟು ನೀರನ್ನು ನೆಲದಡಿಯ ಕತ್ತಲೆ ಸಂಪಿನಲ್ಲಿ ಇಡಬೇಕು. ಪಂಪು ಆ ನೀರನ್ನು ಹಗಲಿರುಳೂ ಮೇಲಕ್ಕೆ ಕಳಿಸುತ್ತಿರಬೇಕು. ಬೆಳಕಿನಲ್ಲಿರುವುದು ಸ್ವಲ್ಪ ನೀರು, ಅದೂ ಸ್ವಲ್ಪ ಹೊತ್ತು. ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಪಂಪು ನಡೆಸಿದ್ದು ಉಗಿಯಂತ್ರ. ಬೆಂಕಿಯಿಂದ ನಡೆಯುವ ಯಂತ್ರ ನೀರನ್ನು ತಂಪಾಗಿಡುವ ಕೆಲಸಕ್ಕೆ ನಿಂತಿತು! ಬೆಂಕಿ ಬಾಯ್ಲರಿನಲ್ಲಿತ್ತು, ನೀರಿನಲ್ಲಿರಲಿಲ್ಲ. ಇಂದಿನ ಸಂಪು ಮತ್ತು ರಿಟರ್ನ್ ಪಂಪಿನ ಜೋಡಿ ಲಾಯ್ಡನ ಏರ್ಪಾಟಿನ ಮೊಮ್ಮಗು ಎನ್ನಬಹುದು. ಆದರೆ ಮೊಮ್ಮಗುವಿನಲ್ಲಿ ಅಜ್ಜನ ಗುಣ ಅರ್ಧ ತಪ್ಪಿದೆ. ಸಂಪು ಚಿಕ್ಕದಾಗಿ ಮೇಜಿನ ಕೆಳಗಿನ ಬೀರು ಸೇರಿತು, ಮೋಟಾರು ನೀರಿಗಿಳಿಯಿತು.

ನೀರನ್ನು ನೆಲದಡಿಯಲ್ಲಿಟ್ಟು ತಂಪು ಕಾಯುವುದು ನಮ್ಮ ಸೀಮೆಗೆ ಲಾಯ್ಡನಿಗಿಂತ ನಾಲ್ಕುನೂರು ವರ್ಷ ಹಳೆಯ ವಿದ್ಯೆ. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳು ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಬೀದರಿಗೆ ಹೋದರು. ಬೀದರಿನ ನೆಲ ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕಪ್ಪು ಬಂಡೆ. ಮಳೆನೀರು ಜಂಬಿಟ್ಟಿಗೆಯಲ್ಲಿ ಇಂಗುತ್ತದೆ, ಬಂಡೆ ತಡೆಯುತ್ತದೆ, ಎರಡರ ನಡುವೆ ನೀರು ಜಿನುಗುತ್ತದೆ. ಅಲ್ಲಿಗೇ ಸುರಂಗ ಕೊರೆದು, ತುಸು ಇಳಿಜಾರು ಕೊಟ್ಟು, ನೀರು ತಾನೇ ಹರಿದು ಬರುವಂತೆ ಮಾಡುವ ವಿದ್ಯೆ ಇರಾನಿನದು. ಅಲ್ಲಿಂದ ಬಂದ ಹೆಸರು ಕರೇಜ್. ಬೀದರ್ ಪಕ್ಕದ ನೌಬಾದಿನ ಕರೇಜು ಎರಡು ಕಿಲೋಮೀಟರಿಗೂ ಉದ್ದ. ದಾರಿಯುದ್ದಕ್ಕೂ ನೆಲದಿಂದ ಇಳಿಯುವ ಬಾವಿಯಂಥ ಬಾಯಿಗಳು ಇಪ್ಪತ್ತಕ್ಕೂ ಹೆಚ್ಚು. ಗಾಳಿ ಬೆಳಕು ಇಳಿಯುವುದೂ ಹೂಳು ತೆಗೆಯುವುದೂ ಅವುಗಳ ಮೂಲಕವೇ.

ನೆಲ ಏಕೆ ತಂಪು ಎಂಬುದಕ್ಕೆ ಉತ್ತರ ಸುಲಭ. ಹಗಲಿನ ಬಿಸಿಲು ಮಣ್ಣಿನಲ್ಲಿ ಅಡಿ ಎರಡಡಿ ಇಳಿಯುವಷ್ಟರಲ್ಲಿ ರಾತ್ರಿಯಾಗುತ್ತದೆ. ಬೇಸಿಗೆಯ ಕಾವು ಕೆಲವು ಮೀಟರ್ ಇಳಿಯುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ. ಅದರ ಕೆಳಗೆ ಮಣ್ಣಿಗೆ ವೈಶಾಖವೂ ಇಲ್ಲ, ಪುಷ್ಯವೂ ಇಲ್ಲ. ವರ್ಷದ ಸರಾಸರಿ ಉಷ್ಣತೆಯೇ ಅಲ್ಲಿ ಬಾರಾಮಾಸ. ಕಲಬುರಗಿ ಸೀಮೆಯಲ್ಲಿ ಅದು 27 ಡಿಗ್ರಿಯ ಆಸುಪಾಸು. ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಬಿಸಿನಾಡಿನ ಮೀನುಗಳಿಗೆ ಹೇಳಿಮಾಡಿಸಿದ ಉಷ್ಣತೆ 24ರಿಂದ 28! ನಮ್ಮ ಕಾಲಡಿಯ ಮಣ್ಣು ಪುಕ್ಕಟೆಯಾಗಿ ಕೊಡುವುದನ್ನೇ ನಾವು ಪಡಸಾಲೆಯಲ್ಲಿ ಕರೆಂಟು ಸುಟ್ಟು ಹುಡುಕುತ್ತಿದ್ದೇವೆ. ಕಾಸರಗೋಡಿನ ಕನ್ನಡ-ತುಳು ಸೀಮೆಯ ರೈತರು ಜಂಬಿಟ್ಟಿಗೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲೂ ಇದೇ ನಡೆ. ರಾಜರ ದುಡ್ಡಿಲ್ಲದೆ, ಹಾರೆ ಪಿಕಾಸಿಯಲ್ಲಿ, ಒಂದೊಂದು ತೋಟಕ್ಕೆ ಒಂದೊಂದು.

ವಿಜಯಪುರದ ಆದಿಲಶಾಹಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ತೊರವಿ ಕಡೆಯಿಂದ ಸುರಂಗದಲ್ಲಿ ನೀರು ತಂದರು. 1651ರಲ್ಲಿ ಮುಹಮ್ಮದ್ ಆದಿಲಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ಊರಿಗೆ ಬಂದದ್ದು ಆಳದಲ್ಲಿ ಹೂತ ಮಣ್ಣಿನ ಕೊಳವೆಗಳ ಮೂಲಕ. ನಡುನಡುವೆ ಗಂಜ್ ಎಂಬ ನೀರಿನ ಬುರುಜುಗಳು. ಕೊಳವೆಯಲ್ಲಿ ಒತ್ತಡ ಹೆಚ್ಚಿ ಒಡೆಯದಂತೆ, ಹೂಳು ತಳದಲ್ಲಿ ನಿಲ್ಲುವಂತೆ ಕಟ್ಟಿದವು. ಬೇಸಿಗೆಯ ವಿಹಾರಕ್ಕೆಂದು ಕುಮಟಗಿಯಲ್ಲಿ ಕಟ್ಟಿದ ನೀರಿನ ಮಹಲಿನಲ್ಲಂತೂ ಬುರುಜಿಗೆ ಎತ್ತಿದ ನೀರು ಕಾರಂಜಿಯಾಗಿ, ಛಾವಣಿಯ ತೂತುಗಳಿಂದ ಮಳೆಯಾಗಿ ಸುರಿಯುತ್ತಿತ್ತು. ಎತ್ತಿ ಸುರಿಯುವ ಆಟವೇ ಇಲ್ಲೂ. ಆದರೆ ಎತ್ತಿದ್ದು ಮೈಬಲ, ಸುರಿದ ನೀರು ಹನಿಹನಿಯಾಗಿ ಒಣಗಾಳಿಗೆ ಸಿಕ್ಕಿ ತಂಪಾಗುತ್ತಿತ್ತು.

ಒಣಗಾಳಿಯ ಈ ಉಪಕಾರವನ್ನು ನಮ್ಮ ಅಡುಗೆಮನೆ ಎಂದೋ ಕಂಡುಕೊಂಡಿದೆ. ರಂಜಣಗಿಯ ಮಣ್ಣಿನ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆರುತ್ತದೆ. ಆರುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನೂರು ಪಾಲು ನೀರಿನಲ್ಲಿ ಒಂದು ಪಾಲು ಆರಿದರೆ ಉಳಿದದ್ದು 5-6 ಡಿಗ್ರಿ ಇಳಿಯಬಲ್ಲದು. ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ, ಅಂದಿನ ಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುಡಿಯುವ ನೀರಿನ ಸುಖಕ್ಕೆಂದೇ ಒಂದು ಪ್ರಕರಣವಿದೆ. ಅದೇ ಗ್ರಂಥದ ಮತ್ಸ್ಯವಿನೋದದಲ್ಲಿ ಬಗೆಬಗೆಯ ಮೀನುಗಳ ಹೆಸರು, ಅವಕ್ಕೆ ಹಾಕುವ ತಿನಿಸು ಎಲ್ಲ ಬರುತ್ತದೆ. ಗಾಳ ಹಾಕಿ ಹಿಡಿಯಲು ಎಂಬುದು ಬೇರೆ ಮಾತು! ದಿಲ್ಲಿ-ಆಗ್ರಾದ ದೊರೆಗಳಿಗೆ ಗಡಿಗೆಯ ತಂಪು ಸಾಲದಾಯಿತು. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪು ಕರಗಿಸಿ ನೀರು ತಣಿಸುತ್ತಿದ್ದುದನ್ನು ಅಬುಲ್ ಫಜಲ್ ‘ಐನ್-ಎ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ಒಂದು ಸೇರು ನೀರಿನ ಹೂಜಿಯನ್ನು, ಎರಡೂವರೆ ಸೇರು ಪೆಟ್ಲುಪ್ಪನ್ನು ಐದು ಸೇರು ನೀರಿಗೆ ಹಾಕಿದ ಪಾತ್ರೆಯಲ್ಲಿಟ್ಟು ಕಾಲು ಗಂಟೆ ಆಡಿಸಬೇಕಂತೆ. ಮದ್ದುಗುಂಡಿನ ಸಾಮಗ್ರಿಯನ್ನು ಬಾಯಾರಿಕೆಗೆ ಖರ್ಚು ಮಾಡುವ ಸಿರಿವಂತಿಕೆ.

ರಂಜಣಗಿಯ ತತ್ವ ಎಲ್ಲ ಊರಿನಲ್ಲೂ ಒಂದೇ ಬಗೆಯಲ್ಲಿ ಫಲ ಕೊಡುವುದಿಲ್ಲ. 42 ಡಿಗ್ರಿ ಬಿಸಿಲಿದ್ದು ಗಾಳಿಯ ತೇವ ನೂರಕ್ಕೆ 20ರಷ್ಟಿದ್ದರೆ, ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ 24ರ ಹತ್ತಿರ ತೋರಿಸುತ್ತದೆ. ಮಂಗಳೂರಿನಲ್ಲಿ ಬಿಸಿಲು 33 ಮಾತ್ರ ಇದ್ದರೂ ತೇವ 70ರಷ್ಟಿದ್ದರೆ ಅದೇ ಒದ್ದೆಬಟ್ಟೆ 28ಕ್ಕೆ ನಿಂತುಬಿಡುತ್ತದೆ. ನೀರನ್ನು ಆರಿಸಿ ತಂಪು ಮಾಡುವುದಕ್ಕೆ ಇದೇ ಕಡೆಯ ಗೆರೆ. ಸೇಡಮ್ಮಿನ ಸುಡುಬಿಸಿಲು ಮೀನು ಸಾಕುವವನಿಗೆ ಮಂಗಳೂರಿನ ಬೆವರಿಗಿಂತ ದಯಾಳು ಎಂದರೆ ಕೇಳಿದವರು ನಗಬಹುದು, ಆದರೆ ಲೆಕ್ಕ ಹಾಗೇ ಇದೆ. 100 ವ್ಯಾಟಿನ ಪಂಪು ದಿನವಿಡೀ ಸುರಿಯುವ ಶಾಖವನ್ನು ತೆಗೆದುಹಾಕಲು ಸುಮಾರು ಮೂರೂವರೆ ಲೀಟರ್ ನೀರು ಆರಿದರೆ ಸಾಕು. ಸಂಪಿನ ಬಾಯಿ ತೆರೆದಿಟ್ಟು, ಮೇಲೊಂದು ಪುಟ್ಟ ಫ್ಯಾನು ಬೀಸುವಂತೆ ಮಾಡುವುದು ರಂಜಣಗಿಯ ತತ್ವವೇ.

ಇನ್ನು ಮೋಟಾರು ಎಲ್ಲಿರಬೇಕೆಂಬ ಮಾತು. ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುತ್ತಿದ್ದ ಕಪಿಲೆ ಬಾವಿಯನ್ನು ನೋಡಿದವರು ಈಗ ಕಡಿಮೆ. ಇಳಿಜಾರಿನಲ್ಲಿ ಎತ್ತು ನಡೆಯುತ್ತಿತ್ತು, ಹಗ್ಗ ಎಳೆಯುತ್ತಿತ್ತು, ಬೆವರೆಲ್ಲ ಎತ್ತಿನ ಮೈಮೇಲೆ. ಬಾವಿಯ ನೀರಿಗೆ ಆ ದುಡಿಮೆಯ ಕಾವು ತಗಲುತ್ತಿರಲಿಲ್ಲ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ನೇಗಿಲು ಮಾಡಿ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆ 1920ರ ದಶಕದಲ್ಲಿ ಪಂಪು ತಯಾರಿಕೆಗೆ ಇಳಿಯಿತು. ಮುಂದೆ ಹಳ್ಳಿಗಳ ಬಾವಿಕಟ್ಟೆಗಳಿಗೆ ಎಂಜಿನ್ನು, ಮೋಟಾರುಗಳು ಬಂದವು. ಅವೂ ಬಾವಿಯ ದಡದಲ್ಲೇ ಕೂತು ಕಾವನ್ನು ಗಾಳಿಗೆ ಬಿಡುತ್ತಿದ್ದವು. ನೀರು ಆಳಕ್ಕಿಳಿದು ಕೊಳವೆಬಾವಿ ಬಂದಾಗ ಮೋಟಾರು ನೀರಿನ ಬೆನ್ನು ಹತ್ತಿ ಒಳಗೇ ಇಳಿಯಿತು. ಸಬ್‌ಮರ್ಸಿಬಲ್ ಪಂಪು ತಾನು ಎತ್ತುವ ನೀರಿನಿಂದಲೇ ತನ್ನ ಮೈ ತಣಿಸಿಕೊಳ್ಳುತ್ತದೆ. ಹೊಲಕ್ಕೆ ಹರಿದುಹೋಗುವ ನೀರಿಗೆ ಅದರಿಂದ ಏನೂ ಆಗದು, ಒಮ್ಮೆ ಹೋದ ನೀರು ಮರಳಿ ಬರುವುದಿಲ್ಲ. ಮೀನಿನ ತೊಟ್ಟಿಯಲ್ಲಿ ಅದೇ ಇನ್ನೂರು ಲೀಟರ್ ದಿನಕ್ಕೆ ನೂರು ಬಾರಿ ಮೋಟಾರಿನ ಮೈ ಸವರಿ ಬರುತ್ತದೆ.

ಕೊಳವೆಬಾವಿಗಳು ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ಕರೇಜು ನೀರನ್ನು ಎಳೆಯುವುದಿಲ್ಲ, ಜಿನುಗಿದ್ದನ್ನು ಸಾಗಿಸುತ್ತದೆ. ಅದರ ತಲೆಯ ಮೇಲಿನ ನೆಲದಲ್ಲಿ ಪಂಪುಗಳು ನೀರನ್ನು ಆಳಕ್ಕೆ ಇಳಿಸಿದರೆ ಸುರಂಗ ಒಣಗುತ್ತದೆ. ಬಾಯಿಗಳ ಮೇಲೆ ಮಣ್ಣು ಸುರಿದು ನಿವೇಶನ ಮಾಡಿದರೆ ಗಾಳಿಯೂ ಇಲ್ಲ, ಹೂಳೆತ್ತುವ ದಾರಿಯೂ ಇಲ್ಲ. 2010ರ ದಶಕದಲ್ಲಿ ಬೀದರಿನ ಕರೇಜಿನ ಹೂಳು ತೆಗೆಯುವ ಕೆಲಸ ನಡೆದು, ನೌಬಾದಿನಲ್ಲಿ ಮತ್ತೆ ನೀರು ಕಂಡಾಗ ಊರೇ ಹಿಗ್ಗಿತು. ಹೂಳು ತೆಗೆಯುವುದು ಸುಲಭ. ಇಂಗುವ ನೆಲವನ್ನು ಇಂಗಲು ಬಿಡುವುದು ಕಷ್ಟ.

ಚಿಂಚೋಳಿಯಲ್ಲೋ ವಾಡಿಯಲ್ಲೋ ತೊಟ್ಟಿ ಇಟ್ಟುಕೊಂಡವರು ಪಂಪು ಕೊಳ್ಳಲು ಹೋದಾಗ ಗಂಟೆಗೆ ಎಷ್ಟು ಲೀಟರ್ ಎಂದು ಕೇಳುವ ಮೊದಲು ಎಷ್ಟು ವ್ಯಾಟ್ ಎಂದು ಕೇಳುವುದು ಮೇಲು. ಡಬ್ಬಿಯ ಮೇಲಿನ ಲೀಟರ್ ಲೆಕ್ಕ ನೀರನ್ನು ಎತ್ತದೆ ಸುಮ್ಮನೆ ತಳ್ಳುವಾಗಿನದು. ಎತ್ತರ ಹೆಚ್ಚಿದಂತೆ ಅದು ಇಳಿದು, ಒಂದು ಎತ್ತರದಲ್ಲಿ ಸೊನ್ನೆಯಾಗುತ್ತದೆ. ಬೇಕಾದ್ದಕ್ಕಿಂತ ದೊಡ್ಡ ಪಂಪು ತಂದು ನಲ್ಲಿ ತಿರುಗಿಸಿ ಅರ್ಧ ಮುಚ್ಚುವುದು ಅನೇಕರ ರೂಢಿ. ಹಾಗೆ ಮುಚ್ಚಿದರೆ ಹರಿಯುವ ನೀರು ಕಡಿಮೆಯಾಗುತ್ತದೆ, ಶಾಖ ಅಷ್ಟು ಕಡಿಮೆಯಾಗುವುದಿಲ್ಲ. ಮೋಟಾರು ಹೊರಗಿರುವ ಪಂಪು ಸಿಕ್ಕರೆ ಶಾಖದ ಒಂದು ಪಾಲು ಗಾಳಿಗೆ ಹೋಗುತ್ತದೆ. ಸದ್ದು ತುಸು ಹೆಚ್ಚು. ನೆಲದಲ್ಲಿ ಹೂತ ಸಂಪಿದ್ದರೆ ಎತ್ತಬೇಕಾದ ಎತ್ತರ ಹೆಚ್ಚಿ ಒಂದೆರಡು ವ್ಯಾಟ್ ಜಾಸ್ತಿ ಬೇಕು ನಿಜ. ಆದರೆ ಸಂಪಿನ ಸುತ್ತಲ ಮಣ್ಣು ಹಗಲಿರುಳೂ ಅದಕ್ಕಿಂತ ಎಷ್ಟೋ ಹೆಚ್ಚು ಶಾಖ ಹೀರುತ್ತದೆ. ಪಂಪನ್ನು ನಿಲ್ಲಿಸಿಯೇ ಬಿಡೋಣವೆಂಬ ಯೋಚನೆ ಮಾತ್ರ ಬೇಡ. ತಂಪಿದ್ದರೂ ಉಸಿರಿಲ್ಲದ ನೀರು ಮೀನಿಗೆ ನೀರೇ ಅಲ್ಲ. ಚಂದ್ರಂಪಳ್ಳಿಯಂಥ ಜಲಾಶಯಗಳಲ್ಲೂ ತೀರ ತಳದ ತಂಪಿನಲ್ಲಿ ಆಮ್ಲಜನಕ ಕಡಿಮೆಯಿರುವುದುಂಟು. ಮೀನು ನಡುವಿನ ಪದರದಲ್ಲಿ ತನ್ನ ಪಾಡಿನ ಜಾಗ ಹುಡುಕಿಕೊಳ್ಳುತ್ತದೆ.

ಈ ಸೀಮೆಯಲ್ಲಿ ಇನ್ನೊಂದು ತೊಡಕು ಸುಣ್ಣದ್ದು. ಸಿಮೆಂಟು ಕಾರ್ಖಾನೆಗಳನ್ನು ವಾಡಿಗೂ ಸೇಡಮ್ಮಿಗೂ ಕರೆತಂದ ಅದೇ ಸುಣ್ಣಕಲ್ಲು ಬಾವಿಯ ನೀರನ್ನೂ ಗಡಸು ಮಾಡಿದೆ. ಫ್ಯಾನಿನ ಗಾಳಿಗೆ ನೀರು ಹಾರಿಹೋಗುತ್ತದೆ, ಸುಣ್ಣ ಉಳಿಯುತ್ತದೆ. ದಿನಕ್ಕೆ 4 ಲೀಟರಿನಂತೆ ಬಾವಿನೀರನ್ನೇ ತುಂಬುತ್ತ ಹೋದರೆ 200 ಲೀಟರಿನ ತೊಟ್ಟಿ ಐವತ್ತು ದಿನಕ್ಕೆ ಎರಡು ಪಟ್ಟು ಗಡಸಾಗುತ್ತದೆ. ಗಾಜಿನ ಅಂಚಿಗೆ ಕಟ್ಟುವ ಬಿಳಿ ಗೆರೆ ಅದರ ಗುರುತು. ಪಂಪಿನ ಒಳಚಕ್ರಕ್ಕೂ ಅದೇ ಬಿಳಿ ಕಟ್ಟಿ, ತಿರುಗುವುದು ಬಿಗಿಯಾಗಿ, ಮೋಟಾರು ಇನ್ನಷ್ಟು ಕಾಯುತ್ತದೆ. ಹೋದ ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದಿಟ್ಟ ನೀರಿದ್ದರೆ ಬೇಸಿಗೆಯಲ್ಲಿ ಹಾರಿಹೋದಷ್ಟನ್ನು ಅದರಿಂದ ತುಂಬಬಹುದು. ಜೂನಿನಲ್ಲಿ ಮೃಗಶಿರಾ ಮಳೆ ಹಿಡಿದ ಮೇಲೆ ಗಾಳಿಯ ತೇವ ಏರಿ ಫ್ಯಾನಿನ ಉಪಯೋಗ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಬಿಸಿಲೂ 42ರಿಂದ ಇಳಿದಿರುತ್ತದೆ, ಮಾಳಿಗೆಯ ಹರನಾಳದ ಕೆಳಗೆ ಕೊಡ ಇಡುವ ಹೊತ್ತೂ ಬಂದಿರುತ್ತದೆ.